ಚೆರ್ರಿ ಮರಕ್ಕೆ ಬಟ್ಟಲು ಕಟಿಂಗ್

ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಎಷ್ಟೋ ಮನೆ ಮುಂದೆ ವೀಪಿಂಗ್ ಚೆರ್ರಿ. ಅಕ್ಟೋಬರಿನಲ್ಲಿ ಹುಲ್ಲು ಕತ್ತರಿಸೋರು ಬಂದು ಜೋತುಬಿದ್ದ ರೆಂಬೆಗಳಿಗೆ ಬಟ್ಟಲು ಕಟಿಂಗ್ ಮಾಡಿ ಹೋಗ್ತಾರೆ. ಏಪ್ರಿಲ್‌ನಲ್ಲಿ ಹೂವಿಲ್ಲ ಅಂತ ನಮ್ಮವರು ಗೊಬ್ಬರ ಸುರೀತಾರೆ. ಅಲ್ಲ ಸ್ವಾಮಿ, ಮುಂದಿನ ವಸಂತದ ಮೊಗ್ಗು ಬೇಸಿಗೆಯಲ್ಲೇ ಕಟ್ಟಿರುತ್ತೆ. ದುಡ್ಡು ಕೊಟ್ಟು ಅದನ್ನ ಕತ್ತರಿಸಿದ್ದು ಯಾರು? ಸವರಲೇಬೇಕಿದ್ರೆ ಹೂ ಉದುರಿದ ಕೂಡಲೇ ಸವರಿ.

ಇದು ಕಸಿ ಮರ ಕಣ್ರೀ. ನೆಟ್ಟಗಿನ ಕಾಂಡ ಒಂದು ಜಾತಿ, ಮೇಲೆ ಜೋಲುವುದು ಇನ್ನೊಂದು. ಕಸಿಯ ಗಂಟಿನ ಕೆಳಗೆ ಚಿಗುರೆದ್ದರೆ ಬುಡಕ್ಕೇ ತೆಗೀಬೇಕು, ಇಲ್ಲಾಂದ್ರೆ ಮರ ಅದರದ್ದೇ ಆಗುತ್ತೆ. ಇವರು ಅದನ್ನ ಬಿಟ್ಟು ಜೋಲುವುದನ್ನೇ ಕತ್ತರಿಸ್ತಾರೆ! ಊರಲ್ಲಿ ಕಸಿಮಾವು ನೋಡಿ ಬೆಳೆದ ನಾವು ಲ್ಯಾಪ್‌ಟಾಪ್ ಹಿಡ್ಕೊಂಡು ಕಿಟಕಿಯಿಂದ ನೋಡ್ತೀವಿ. ನಾನೂ ಎರಡು ವರ್ಷ ನೋಡಿದೆ. ಈಗ ನನ್ನ ಮರದ ಅರ್ಧ ಜೋಲುತ್ತೆ, ಗುಲಾಬಿ ಹೂ. ಇನ್ನರ್ಧ ಆಕಾಶಕ್ಕೆ ಎದ್ದಿದೆ, ಬಿಳಿ ಹೂ. ಅಪ್ಪ ವಿಡಿಯೋ ಕಾಲ್‌ನಲ್ಲಿ ನೋಡಿ, "ಚಿಗುರು ಮುರೀಲಿಲ್ವೇನೋ?" ಅಂದ್ರು.

ಜಪಾನಿನ ಮಿಹರುವಿನಲ್ಲಿ ಸಾವಿರ ವರ್ಷ ದಾಟಿದ್ದೆನ್ನುವ ಜೋಲು ಚೆರ್ರಿಯ ರೆಂಬೆಗಳಿಗೆ ಆಸರೆ ಕಂಬ ಕೊಟ್ಟು ಸಾಕಿದ್ದಾರೆ. ನಮ್ಮ ಬೀದೀಲಿ ಕೊಡೋದು ಕತ್ತರಿ. ಈ ಅಕ್ಟೋಬರಿನಲ್ಲಿ ಅವರು ಬಂದಾಗ ಮೀಟಿಂಗ್ ಇದ್ರೂ ಮರದ ಮುಂದೆ ನಾನೇ ನಿಂತಿರ್ತೀನಿ.