ಕಾಫಿಯ ಜೊತೆ ಒಂದು ಲೋಟ ನೀರು

ಪರಊರಿನಲ್ಲಿ ಹೊರಗೆ ಉಣ್ಣುವವರಿಗೆ ಊಟಕ್ಕಿಂತ ನೀರಿನ ಚಿಂತೆಯೇ ಹೆಚ್ಚು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಈ ಚಿಂತೆ ಬೇಡ. ಅಲ್ಲಿನ ಹಳೆಯ ಕಾಫಿಹೌಸ್‌ಗಳಲ್ಲಿ ಕಾಫಿ ಕೇಳಿದರೆ ಪುಟ್ಟ ಲೋಹದ ತಟ್ಟೆಯಲ್ಲಿ ಕಪ್ಪಿನ ಪಕ್ಕ ಒಂದು ಲೋಟ ನೀರೂ ಬರುತ್ತದೆ. ಅದು ಬಾಟಲಿಯ ನೀರಲ್ಲ, ನಲ್ಲಿಯ ನೀರು!

1876ರಲ್ಲಿ ಆರಂಭವಾದ ಕೆಫೆ ಸೆಂಟ್ರಲ್ ಇಂಥ ಕಾಫಿಹೌಸ್‌ಗಳಲ್ಲಿ ಪ್ರಸಿದ್ಧವಾದುದು. ನೊರೆಹಾಲು ಬೆರೆಸಿದ ಕಾಫಿಗೆ ಅಲ್ಲಿ 'ಮೆಲಾಂಜ್' ಎನ್ನುತ್ತಾರೆ. ಒಂದು ಕಪ್ ಕಾಫಿ ಕುಡಿದು ಗಂಟೆಗಟ್ಟಲೆ ಪತ್ರಿಕೆ ಓದುತ್ತಾ ಕೂರುವುದು ಅಲ್ಲಿನ ಹಳೆಯ ವಾಡಿಕೆ. ಕೈಯಲ್ಲಿ ಕಾಸು ಕಡಿಮೆಯಿರುವ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳ ಭೋಜನಶಾಲೆ 'ಮೆನ್ಸಾ' ಅನುಕೂಲ. ರಸ್ತೆಬದಿಯ 'ವುರ್ಸ್ಟೆಲ್‌ಸ್ಟಾಂಡ್'ಗಳಲ್ಲಿ ಸಿಗುವುದು ಮುಖ್ಯವಾಗಿ ಮಾಂಸದ ಸಾಸೇಜ್. ಸಸ್ಯಾಹಾರಿಗಳು ನಾಷ್‌ಮಾರ್ಕ್ಟ್ ಎಂಬ ಸಂತೆಗೆ ಹೋದರೆ ಬ್ರೆಡ್, ಹಣ್ಣು, ಕಡಲೆಯ ಫಲಾಫೆಲ್ ದೊರೆಯುತ್ತವೆ. ಹೋಟೆಲುಗಳಲ್ಲಿ ಬರೀ 'ನೀರು' ಎಂದರೆ ಮಿನರಲ್ ವಾಟರ್ ಬಂದು ಬಿಲ್ ಏರಬಹುದು. 'ಲೈಟುಂಗ್ಸ್‌ವಾಸರ್', ಅಂದರೆ ನಲ್ಲಿ ನೀರು, ಎಂದೇ ಕೇಳಬೇಕು. ಕೆಲವೆಡೆ ಅದಕ್ಕೂ ಅಲ್ಪ ಶುಲ್ಕವುಂಟು.

ಈ ನೀರು ಮೊದಲಿನಿಂದಲೂ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ನಗರದ ಬಹಳಷ್ಟು ಜನ ಬಾವಿ ನೀರನ್ನೇ ನಂಬಿದ್ದರು. ಚರಂಡಿಯ ಕೊಳೆ ಮಣ್ಣಿನೊಳಗೆ ಇಳಿದು ಬಾವಿ ಸೇರುತ್ತಿತ್ತು. ಟೈಫಾಯ್ಡ್, ಕಾಲರಾ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದವು. ಭೂವಿಜ್ಞಾನದ ಪ್ರಾಧ್ಯಾಪಕ ಎಡ್ವರ್ಡ್ ಜ್ಯೂಸ್ ನಗರದ ನೆಲವನ್ನು ಪದರಪದರವಾಗಿ ಅಭ್ಯಸಿಸಿ 1862ರಲ್ಲಿ ಪುಸ್ತಕ ಬರೆದರು. ಮಣ್ಣು, ನೀರು, ಆರೋಗ್ಯ ಒಂದಕ್ಕೊಂದು ಹೆಣೆದುಕೊಂಡಿವೆಯೆಂದು ತಿಳಿಸಿದರು. ಮುಂದೆ ನಗರಸಭೆಯ ಸದಸ್ಯರಾಗಿ, ಆಲ್ಪ್ಸ್ ಪರ್ವತದ ಚಿಲುಮೆಗಳಿಂದಲೇ ನೀರು ತರಬೇಕೆಂದು ವಾದಿಸಿ ಗೆದ್ದರು.

ಸುಮಾರು 95 ಕಿಲೋಮೀಟರ್ ಉದ್ದದ ಆ ಕಾಲುವೆ 1873ರ ಅಕ್ಟೋಬರ್ 24ರಂದು ಉದ್ಘಾಟನೆಯಾಯಿತು. ಇದಕ್ಕೆ ಪಂಪು ಬೇಕಾಗಲಿಲ್ಲ. ಚಿಲುಮೆಗಳು ನಗರಕ್ಕಿಂತ ಎತ್ತರದಲ್ಲಿವೆ. ಹದವಾದ ಇಳಿಜಾರು ಕೊಟ್ಟರೆ ಉಳಿದ ಕೆಲಸ ಗುರುತ್ವಾಕರ್ಷಣೆಯದು. ನಗರದಲ್ಲಿ ಟೈಫಾಯ್ಡ್ ಸಾವುಗಳು ಗಮನಾರ್ಹವಾಗಿ ಇಳಿದವು. 1910ರಲ್ಲಿ ಎರಡನೆಯ ಕಾಲುವೆಯೂ ಬಂತು. ಇಂದು ಮೊದಲ ಕಾಲುವೆಯ ನೀರು ಸುಮಾರು ಒಂದು ದಿನದಲ್ಲಿ, ಎರಡನೆಯದರದು ಒಂದೂವರೆ ದಿನದಲ್ಲಿ ನಗರ ತಲುಪುತ್ತದೆ. ದಾರಿಯಲ್ಲಿ ಟರ್ಬೈನು ತಿರುಗಿಸಿ ವಿದ್ಯುತ್ತನ್ನೂ ಕೊಡುತ್ತದೆ.

ನಗರದ ಬೀದಿಗಳಲ್ಲಿ ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ನಲ್ಲಿಗಳಿವೆ. ವಿಯೆನ್ನಾಕ್ಕೆ ಓದಲು ಹೊರಟ ಮಕ್ಕಳ ಚೀಲಕ್ಕೆ ತಂದೆತಾಯಿಗಳು ಚಕ್ಕುಲಿ, ಚಟ್ನಿಪುಡಿಗಳ ಜೊತೆ ಒಂದು ಖಾಲಿ ಬಾಟಲಿಯನ್ನೂ ಹಾಕಿದರೆ ಸಾಕು.