ಮೀನಿನ ತತ್ತಿ: ಅಂದು ತಂದದ್ದನ್ನು ಅಂದೇ ಉಣ್ಣಿ

ಮಳೆಗಾಲ ಬಂತೆಂದರೆ ಕೃಷ್ಣಾ, ಭೀಮಾ ನದಿಗಳ ಸೀಮೆಯಾದ ನಮ್ಮ ಕೊಂಕಲ್ ಕಡೆ ತತ್ತಿ ತುಂಬಿದ ಮೀನಿಗೆ ಬೇಡಿಕೆ ಹೆಚ್ಚು. ರೋಹು, ಕಾಟ್ಲಾ ಮೀನುಗಳು ಮೊಟ್ಟೆಯಿಡುವ ಕಾಲವದು. ಅದೇ ಕಾಲದಲ್ಲಿ ನನ್ನಲ್ಲಿಗೆ ವಾಂತಿಭೇದಿಯ ರೋಗಿಗಳೂ ಹೆಚ್ಚಾಗಿ ಬರುತ್ತಾರೆ.

ಒಮ್ಮೆ ತಾಯಿಯೊಬ್ಬಳು ಆರು ವರ್ಷದ ಮಗನನ್ನು ಹೊತ್ತು ತಂದಳು. ಹುಡುಗನ ಕಣ್ಣು ಗುಳಿಬಿದ್ದಿದ್ದವು. "ರಾತ್ರಿ ಹುರಿದ ತತ್ತಿ ಉಳಿದಿತ್ರೀ ಸಾಹೇಬ್ರ, ಮುಂಜಾನಿ ಬಿಸಿ ಮಾಡೇ ಕೊಟ್ಟೀನ್ರೀ" ಎಂದಳು. ತಪ್ಪು ಅವಳದಲ್ಲ, ಬಿಸಿ ಮಾಡಿದರೆ ಸಾಕೆಂದು ನಾವೆಲ್ಲ ನಂಬಿದ್ದೇವೆ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಕೆಲವು ರೋಗಾಣುಗಳು ಅಷ್ಟರಲ್ಲಿ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ಹುಡುಗ ಸಲೈನ್‌ನಿಂದ ಚೇತರಿಸಿಕೊಂಡ.

ಶ್ರೀಮಂತರು ಚಿನ್ನದ ಬೆಲೆ ಕೊಟ್ಟು ತಿನ್ನುವ ಕ್ಯಾವಿಯಾರ್ ಕೂಡ ಮೀನಿನ ತತ್ತಿಯೇ. ಸ್ಟರ್ಜನ್ ಎಂಬ ಮೀನಿನದು. ಅದಕ್ಕೆ ಉಪ್ಪು ಬೆರೆಸಿ, ಡಬ್ಬಿಯಲ್ಲಿಟ್ಟು, ಹೆಚ್ಚುಕಡಿಮೆ ಹೆಪ್ಪುಗಟ್ಟುವಷ್ಟು ತಂಪಿನಲ್ಲಿ ಕಾಯುತ್ತಾರೆ. ಡಬ್ಬಿ ತೆರೆದ ಮೇಲೆ ಎರಡು ಮೂರು ದಿನದಲ್ಲಿ ಮುಗಿಸುತ್ತಾರೆ. ಉಪ್ಪೂ ಇಲ್ಲದ, ಮಂಜುಗಡ್ಡೆಯೂ ಇಲ್ಲದ ನಮ್ಮ ತತ್ತಿ ರಾತ್ರಿಯಿಡೀ ಗಡಿಗೆಯಲ್ಲಿ ಕೆಡದೆ ಉಳಿದೀತೇ?

ಕೊಳ್ಳುವಾಗ ಮೀನಿನ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಹೊಳೆಯುತ್ತಿರಬೇಕು. ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ತತ್ತಿಯ ಚೀಲ ಹರಿಯದೆ ಬಿಗಿಯಾಗಿರಬೇಕು. ಹುಳಿವಾಸನೆ ಬಂದರೆ, ಅಂಟಂಟಾಗಿದ್ದರೆ ಅಗ್ಗಕ್ಕೆ ಕೊಟ್ಟರೂ ಬೇಡ. ತಂದ ಮೇಲೆ ಎರಡು ಗಂಟೆಗಿಂತ ಹೊರಗಿಡಬಾರದು. ನಮ್ಮ ಬಿಸಿಲಿನಲ್ಲಿ ಒಂದೇ ಗಂಟೆ. ಫ್ರಿಜ್ ಇದ್ದವರು ಮುಚ್ಚಿಟ್ಟು ಮರುದಿನದೊಳಗೆ ಬೇಯಿಸಲಿ. ಕರೆಂಟು ಗಂಟೆಗಟ್ಟಲೆ ಹೋದರೆ ಫ್ರಿಜ್ ಬರೀ ಕಪಾಟು ಎಂಬುದು ನೆನಪಿರಲಿ. ಫ್ರಿಜ್ ಇಲ್ಲದವರು ಅಂದು ತಂದದ್ದನ್ನು ಅಂದೇ, ಒಳಗಿನವರೆಗೂ ಚೆನ್ನಾಗಿ ಬೇಯಿಸಿ ಉಂಡು ಮುಗಿಸಲಿ.

ಇನ್ನೊಂದು ಮಾತು. ತತ್ತಿ ತೆಗೆಯುವಾಗ ಹಸಿರು ಪಿತ್ತಕೋಶ ಒಡೆಯದಂತೆ ತೆಗೆದು ಎಸೆಯಿರಿ. ಸಕ್ಕರೆ ಕಾಯಿಲೆಗೆ, ಕೀಲುನೋವಿಗೆ ಔಷಧವೆಂದು ಅದನ್ನು ನುಂಗುವವರಿದ್ದಾರೆ. ರೋಹು, ಕಾಟ್ಲಾ ಜಾತಿಯ ಮೀನಿನ ಪಿತ್ತದಲ್ಲಿ ಮೂತ್ರಪಿಂಡಗಳನ್ನು ಕೆಡಿಸುವ ವಿಷವಿದೆ. ನುಂಗಿದವರಿಗೆ ಮೊದಲು ವಾಂತಿ, ಭೇದಿ. ಎರಡು ಮೂರು ದಿನದಲ್ಲಿ ಮೂತ್ರವೇ ಕಟ್ಟಿ ಡಯಾಲಿಸಿಸ್ ಬೇಕಾಗಬಹುದು. ಬೇಯಿಸಿದರೂ ಆ ವಿಷ ಹೋಗದು.

ತತ್ತಿ ಕೆಟ್ಟ ಆಹಾರವಲ್ಲ. ಪ್ರೋಟೀನು, ಬಿ-12 ಜೀವಸತ್ವ ಅದರಲ್ಲಿ ಹೇರಳ. ಕೊಲೆಸ್ಟ್ರಾಲ್ ಕೂಡ ಹೆಚ್ಚಿರುವುದರಿಂದ ಹೃದಯರೋಗಿಗಳು ಮಿತಿಯಲ್ಲಿರಲಿ.

ಆದರೆ ಎಲ್ಲ ಎಚ್ಚರಿಕೆಯನ್ನೂ ಮನೆಯ ಹೆಂಗಸರ ತಲೆಗೇ ಕಟ್ಟುವುದು ನ್ಯಾಯವಲ್ಲ. ಮೀನು ಮಾರುವ ಬಡವ ಬಿಸಿಲಿನಲ್ಲಿ ಗೋಣಿಚೀಲದ ಮೇಲೆ ಮೀನು ಹರಡಿ ಕೂರುವುದು ಅವನಿಗೆ ಬೇರೆ ದಾರಿಯಿಲ್ಲದೆ. ಸಂತೆಯಲ್ಲಿ ನೆರಳಿನ ಕಟ್ಟೆ, ಶುದ್ಧ ನೀರು, ಕುಡಿಯುವ ನೀರಿನಿಂದ ಮಾಡಿದ ಮಂಜುಗಡ್ಡೆ, ಈ ಮೂರನ್ನು ಪಂಚಾಯಿತಿಗಳು ಒದಗಿಸಲಿ. ಸಲೈನ್ ಬಾಟಲಿಗಿಂತ ಮಂಜುಗಡ್ಡೆ ಅಗ್ಗ.

ಅಲ್ಲಿಯವರೆಗೆ, ತಾಯಂದಿರೇ, ಉಳಿದ ತತ್ತಿಯ ಮೇಲೆ ಮರುಕ ಬೇಡ. ವಾಂತಿಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಲೇ ವೈದ್ಯರಲ್ಲಿಗೆ ಬನ್ನಿ.