ಬಂಗಲೆ ಕೆಡವಿದರೆ ಲೆಕ್ಕ ಚುಕ್ತಾ ಆಗುತ್ತಾ?

"ದಬ್ಬಾಳಿಕೆ ಮಾಡಿದವನ ಬಂಗಲೆ ತಾನೇ, ಬಿದ್ದರೆ ಬೀಳಲಿ ಬಿಡಿ" ಅನ್ನೋದು ಕೇಳೋಕೆ ಕ್ರಾಂತಿಕಾರಿ ಮಾತು. ಐರ್ಲೆಂಡಿನ ಗಾಲ್ವೇ ಕೌಂಟಿಯಲ್ಲಿ ಒಂದು ಬಂಗಲೆಯನ್ನು ನಿಜವಾಗಿಯೂ ಹಾಗೆ ಬಿಟ್ಟರು. ಅದರಿಂದ ಯಾರಿಗೆ ಏನು ಸಿಕ್ಕಿತು?

ಗಾರ್ಟ್ ಪಟ್ಟಣದ ಹತ್ತಿರ ಕೂಲ್ ಅಂತ ಒಂದು ಎಸ್ಟೇಟು. 1768ರಲ್ಲಿ ಅದನ್ನು ಕೊಂಡವನು ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಗ್ರೆಗರಿ. ಅಂದರೆ ಆ ಮನೆಯ ಅಡಿಪಾಯದಲ್ಲಿ ಭಾರತದ ದುಡ್ಡೂ ಇತ್ತು. ಅವನ ಮರಿಮೊಮ್ಮಗ ವಿಲಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಜನ ಹಸಿವಿನಿಂದ ಸಾಯುತ್ತಿದ್ದ 1847ರಲ್ಲಿ, ಕಾಲು ಎಕರೆಗಿಂತ ಹೆಚ್ಚು ಜಮೀನು ಇಟ್ಟುಕೊಂಡವರಿಗೆ ಬರ ಪರಿಹಾರ ಇಲ್ಲ ಅನ್ನೋ ನಿಯಮ ತಂದವನು ಅವನೇ. ಗಂಜಿ ಬೇಕಾ, ಹೊಲ ಬಿಡು! ಹಳ್ಳಿಯಲ್ಲಿ ಬೆಳೆದ ನನಗೆ ಇದನ್ನು ಓದಿದರೆ ಮೈ ಉರಿಯುತ್ತೆ.

ಆದರೆ ಅದೇ ವಿಲಿಯಮ್ಮನ ಹೆಂಡತಿಯಾಗಿ ಬಂದ ಲೇಡಿ ಗ್ರೆಗರಿ, ಸುತ್ತಲಿನ ರೈತರ ಬಾಯಲ್ಲಿದ್ದ ಕಥೆಗಳನ್ನು ಬರೆದಿಟ್ಟರು. ಕವಿ ಯೇಟ್ಸ್ ಮತ್ತಿತರರ ಜೊತೆ ಸೇರಿ ಡಬ್ಲಿನ್ನಿನಲ್ಲಿ ಅಬಿ ಥಿಯೇಟರ್ ಕಟ್ಟಿದರು. 1920ರ ದಶಕದ ಶುರುವಿನಲ್ಲಿ ಐರ್ಲೆಂಡಿನಲ್ಲಿ ನೂರಾರು ಜಮೀನ್ದಾರಿ ಬಂಗಲೆಗಳಿಗೆ ಬೆಂಕಿ ಬಿದ್ದಾಗಲೂ ಕೂಲ್ ಉಳಿಯಿತು. 1927ರಲ್ಲಿ ಸರ್ಕಾರದ ಕೈಸೇರಿತು. 1941ರಲ್ಲಿ ನೆಲಸಮ! ರೈತರ ಸಿಟ್ಟಿಗೆ ಬೀಳದ ಮನೆ, ಸ್ವತಂತ್ರ ದೇಶದ ಸರ್ಕಾರಿ ಉದಾಸೀನಕ್ಕೆ ಬಿತ್ತು.

ಇದಕ್ಕೆ ನ್ಯಾಯ ಅಂತ ಹೆಸರಿಡಬೇಡಿ. ಗೇಣಿದಾರರಿಗೆ ಹೊಲ ಸಿಕ್ಕಿದ್ದು 1903ರ ವಿಂಡಮ್ ಕಾಯ್ದೆಯಂಥ ಭೂ ಕಾಯ್ದೆಗಳಿಂದ, ಗೋಡೆ ಒಡೆದಿದ್ದರಿಂದಲ್ಲ. ಈಗ ಅಲ್ಲಿ ಉಳಿದಿರೋದು ಮನೆಯಿದ್ದ ಕಲ್ಲಿನ ಜಗತಿ, ಮತ್ತೆ ಯೇಟ್ಸ್, ಶಾ ಮೊದಲಾದವರು ತಮ್ಮ ಹೆಸರಿನ ಅಕ್ಷರ ಕೆತ್ತಿದ ಒಂದು ಮರ. ಪ್ರವಾಸಿಗರು ಮರದ ಫೋಟೋ ತೆಗೀತಾರೆ. ಯೋಜನಾ ಕಾಯ್ದೆ ಪ್ರಕಾರ ಪ್ರತಿ ಕೌಂಟಿಯೂ ಸಂರಕ್ಷಿತ ಕಟ್ಟಡಗಳ ಪಟ್ಟಿ ಇಡಬೇಕು, ಅಂಥ ಕಟ್ಟಡ ಪಾಳುಬೀಳದಂತೆ ಮಾಲೀಕನೂ ನೋಡಿಕೊಳ್ಳಬೇಕು. ಒಳ್ಳೇದೇ. ಆದರೆ ಬ್ಯಾಕಪ್ ಇಲ್ಲದೆ ಡಿಲೀಟ್ ಮಾಡಿದ್ದನ್ನು ಯಾವ ಕಾಯ್ದೆ ವಾಪಸ್ ತರುತ್ತೆ?

ಆ ಮನೆ ಇದ್ದಿದ್ದರೆ ಬಾಗಿಲಲ್ಲೇ ಬೋರ್ಡು ಹಾಕಬಹುದಿತ್ತು: ದುಡ್ಡು ಕಂಪನಿಯದು, ಕಾಲು ಎಕರೆ ನಿಯಮ ಈ ಮನೆಯವನದು, ನಾಟಕ ಕಟ್ಟಿದ್ದೂ ಈ ಮನೆಯವರೇ ಅಂತ. ನೋಡಿದವರು ಮೂರನ್ನೂ ಒಟ್ಟಿಗೆ ಓದುತ್ತಿದ್ದರು. ಕಟ್ಟಡ ಉಳಿಸೋದು ಅಂದರೆ ಜಮೀನ್ದಾರನಿಗೆ ಕೈಮುಗಿಯೋದಲ್ಲ ಸ್ವಾಮಿ, ಸಾಕ್ಷಿ ಉಳಿಸೋದು. ಸಾಕ್ಷಿ ನಾಶವಾದರೆ ಲಾಭ ಯಾವಾಗಲೂ ಆರೋಪಿಗೇ.